ಘಾಟ್‌ಕೋಪರ್‌ಗೆ ಡೊಂಬಿವಲಿಯಿಂದಲೇ ಹೊರಡಬೇಕು

ಪಾರ್ಶ್ವವಾಯುವಿನ ನಂತರ ಚಿಕ್ಕಪ್ಪನಿಗೆ ಅಫೇಸಿಯಾ, ಅಂದರೆ ಮಿದುಳಿನ ಪೆಟ್ಟಿನಿಂದ ಬರುವ ಭಾಷೆಯ ತೊಡಕು. "ನಿಮ್ಮ ಆಫೀಸು ಎಲ್ಲಿತ್ತು?" ಎಂದರೆ ಬಾಯಿ ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಮುಂಬಯಿ ಲೋಕಲ್ ರೈಲಿನ ನಿಲ್ದಾಣಗಳನ್ನು "ಡೊಂಬಿವಲಿ, ಕೋಪರ್..." ಎಂದು ನಾನು ಶುರುಮಾಡಿದರೆ ಸಾಕು: ದಿವಾ, ಮುಂಬ್ರಾ, ಕಳವಾ, ಠಾಣೆ, ಮುಲುಂಡ್, ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್, ವಿಕ್ರೋಲಿ, ಘಾಟ್‌ಕೋಪರ್! ಅಲ್ಲಿ ತಡೆದು ನಿಲ್ಲಿಸಿ, "ಆಫೀಸು?" ಎಂದು ಮತ್ತೆ ಕೇಳಬೇಕು. ಬಿಡಿಯಾಗಿ ಬಾರದ ಹೆಸರು ಸಾಲಿನಲ್ಲಿ ಹೇಗೆ ಬರುತ್ತದೆ? ವಾರದ ದಿನಗಳು, ಎಣಿಕೆ, ಭಜನೆಯೂ ಹಾಗೆಯೇ. ಬಾಯಿಪಾಠವಾದದ್ದು ಅನೇಕರಲ್ಲಿ ಉಳಿದುಕೊಳ್ಳುತ್ತದಂತೆ. ಎಲ್ಲರಿಗೂ ಇಷ್ಟು ಉಳಿಯುವುದಿಲ್ಲ: 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ನೋಡಿದ ರೋಗಿಗೆ ಉಳಿದದ್ದು ಹೆಚ್ಚುಕಡಿಮೆ "ಟಾನ್" ಒಂದೇ.

ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿದ್ದೇವೆ. 'ಕೊಡೆ' ಎಂಬ ಚೀಟಿ ಕೊಟ್ಟರೆ ಕೊಡೆಯನ್ನೇ ತೋರಿಸುತ್ತಾರೆ, ಓದುವಾಗ ಮಾತ್ರ "ಮಳೆ" ಎನ್ನುತ್ತಾರೆ. ಅರ್ಥ ತಲುಪಿದೆ, ಪದ ತಪ್ಪಿದೆ. ಇದನ್ನು ತಪ್ಪು ಎಂದು ಗದರಿಸಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ವಿಚಿತ್ರ: ಬರೆಯಬಲ್ಲವರು ತಾವೇ ಬರೆದದ್ದನ್ನು ಓದಲಾಗದೆ ಹೋಗುವುದೂ ಉಂಟು. ಕನ್ನಡ-ಇಂಗ್ಲಿಷ್ ಎರಡೂ ಬಲ್ಲ ಅಂಥ ಒಬ್ಬರ ಬಗ್ಗೆ ವಾಕ್-ಭಾಷಾ ತಜ್ಞೆ ಪ್ರತಿಭಾ ಕಾರಂತ 1981ರಲ್ಲೇ ಬರೆದಿದ್ದಾರೆ.

ಚಿಕ್ಕಮ್ಮನ ಕ್ರಮ ನನಗೆ ಹಿಡಿಸಿತು. ಬೀಗ ಹಿಡಿದು ಪದ ಹೇಳಿಕೊಡುವುದಿಲ್ಲ. "ಇದರಿಂದ ಏನು ಮಾಡ್ತೇವೆ? ಎಲ್ಲಿ ಹಾಕ್ತೇವೆ?" ಎಂದು ಕೇಳಿ ಕಾಯುತ್ತಾರೆ. ಆಗಲೂ ಬಾರದಿದ್ದರೆ "ಬೀ..." ಎಂದು ಮೊದಲ ಅಕ್ಷರ. ಕಾಯುವುದೇ ಕಷ್ಟ. ಬಂದ ನೆಂಟರೆಲ್ಲ ಪದವನ್ನು ಬಾಯಿಗೆ ತುರುಕಿಬಿಡುತ್ತಾರೆ.

ಯಾವ ಭಾಷೆಯಲ್ಲಿ ಅಭ್ಯಾಸ? ಮನೆಯಲ್ಲಿ ತುಳು, ಓದಿಗೆ ಕನ್ನಡ ಪತ್ರಿಕೆ 'ಕರ್ನಾಟಕ ಮಲ್ಲ', ತರಕಾರಿಯವನೊಡನೆ ಮರಾಠಿ, ರೈಲಿನಲ್ಲಿ ಹಿಂದಿ. ಹಲವು ಭಾಷೆ ಬಲ್ಲವರಲ್ಲಿ ಮೊದಲು ಕಲಿತದ್ದೇ ಮೊದಲು ಮರಳುತ್ತದೆ ಎಂದವರು ಫ್ರೆಂಚ್ ಮನೋವಿಜ್ಞಾನಿ ರಿಬೋ. ಹೆಚ್ಚು ಬಳಸಿದ್ದು ಎಂದವರು, 1895ರಲ್ಲಿ, ಫ್ರೆಂಚ್ ವೈದ್ಯ ಪಿತ್ರ್. ಚಿಕ್ಕಪ್ಪ ಇಬ್ಬರ ಮಾತನ್ನೂ ಕೇಳುತ್ತಿಲ್ಲ: ಈರುಳ್ಳಿಗೆ ಮರಾಠಿಯ "ಕಾಂದಾ", ನೀರಿಗೆ ತುಳುವಿನ "ನೀರ್". ಯಾವ ಭಾಷೆಯದಾದರೂ ಬಂದ ಪದವನ್ನು ಒಪ್ಪಿಕೊಳ್ಳುವುದೇ ಸರಿ ಎಂದು ನನ್ನ ತೀರ್ಮಾನ.

ಮನೆಯ ಅಭ್ಯಾಸ ವಾಕ್ ಥೆರಪಿಸ್ಟ್ ತೋರಿಸಿದ ದಾರಿಯಲ್ಲಿ ನಡೆಯಬೇಕು. ಅದಕ್ಕೆ ಮುಂಬಯಿಯ ಬಾಂದ್ರಾ ರಿಕ್ಲಮೇಶನ್ನಿನಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಿಮ್ಮವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಬೇಗ ಕರೆದುಕೊಂಡು ಹೋಗಿ. ಅಂಥವರನ್ನು ನೋಡಲು ಹೋದಾಗ ಮನೆಯವರನ್ನಲ್ಲ, ಅವರನ್ನೇ ಮಾತಾಡಿಸಿ. ಉತ್ತರ ಬರುವವರೆಗೆ ಕುಳಿತಿರಿ.