ನದಿಯಿಂದ ಕಾಲುವೆಗೆ: ಬರ್ಟನ್ನಿನ ಬಿಯರ್ ದಾರಿ

ಬರ್ಟನ್-ಅಪಾನ್-ಟ್ರೆಂಟ್ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನ ಊರು. ಪೂರ್ವಕ್ಕೆ ಟ್ರೆಂಟ್ ನದಿ, ಪಶ್ಚಿಮಕ್ಕೆ ಟ್ರೆಂಟ್-ಮರ್ಸಿ ಕಾಲುವೆ. ನಡುವೆ ನಿಧಾನವಾಗಿ ನಡೆದರೆ ಅರ್ಧ ಗಂಟೆಯ ದಾರಿ. ನಾನು ಹೊರಟದ್ದು ನದಿಯ ಕಡೆಯಿಂದ. ಹಾಗೆ ಹೊರಟವರಿಗೆ ಊರಿನ ಬಿಯರ್ ಚರಿತ್ರೆ ಹೆಚ್ಚುಕಡಿಮೆ ಕಾಲಾನುಕ್ರಮದಲ್ಲೇ ಸಿಗುತ್ತದೆ.

ಮೊದಲು ಮಾರ್ಕೆಟ್ ಚೌಕ, ಸೇಂಟ್ ಮಾಡ್ವೆನ್ ಚರ್ಚು. ವುಲ್ಫ್‌ರಿಕ್ ಸ್ಪಾಟ್ ಎಂಬ ಸಿರಿವಂತ ಸಾವಿರ ವರ್ಷದ ಹಿಂದೆ ಕಟ್ಟಿಸಿದ ಕ್ರೈಸ್ತ ಮಠ ಇದ್ದದ್ದು ಇಲ್ಲೇ. ಸನ್ಯಾಸಿಗಳು ತಯಾರಿಸುತ್ತಿದ್ದ ಏಲ್ ಎಂಬ ಬಗೆಯ ಬಿಯರ್‌ಗೆ ನೀರು ಬರುತ್ತಿದ್ದದ್ದು ಬಾವಿಗಳಿಂದ. ನೆಲದಡಿ ಜಿಪ್ಸಂ ಪದರವಿರುವುದರಿಂದ ಆ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ ಸಲ್ಫೇಟು ಬಿಯರನ್ನು ತಿಳಿಯಾಗಿಸುತ್ತದೆ, ಹಾಪ್ಸ್ ಹೂವಿನ ಕಹಿಗೆ ಚುರುಕು ಕೊಡುತ್ತದೆ. ಆಗತಾನೆ ಸುರಿದ ಬರ್ಟನ್ ಬಿಯರ್ ಲೋಟವನ್ನು ಮೂಗಿಗೆ ಹಿಡಿದರೆ ಕಡ್ಡಿ ಗೀರಿದಾಗಿನ ಗಂಧಕದ ವಾಸನೆ ಒಂದು ಕ್ಷಣ ಬಂದು ಹೋಗುತ್ತದೆ.

ಒಳ್ಳೆಯ ನೀರಿದ್ದರೂ ಸಾಗಣೆಯ ದಾರಿ ಇರಲಿಲ್ಲ. 1699ರ ಕಾಯ್ದೆಯ ನಂತರ ಟ್ರೆಂಟ್ ನದಿಯನ್ನು ದೋಣಿ ಓಡುವಂತೆ ಸರಿಪಡಿಸಲಾಯಿತು. ಪೀಪಾಯಿಗಳು ಹಲ್ ಬಂದರಿನಿಂದ ಬಾಲ್ಟಿಕ್ ಸಮುದ್ರ ದಾಟಿ ರಷ್ಯಾ ತಲುಪಿದವು. ಜೇಮ್ಸ್ ಬ್ರಿಂಡ್ಲಿ ಯೋಜಿಸಿದ ಕಾಲುವೆ 1777ರಲ್ಲಿ ಪೂರ್ಣಗೊಂಡಾಗ ಪಶ್ಚಿಮದ ಲಿವರ್‌ಪೂಲ್ ಕಡೆಗೂ ಜಲಮಾರ್ಗ ತೆರೆಯಿತು. ಸುಮಾರು 150 ಕಿ.ಮೀ. ಉದ್ದದ ಕಾಲುವೆಯಲ್ಲಿ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು ಎಳೆಯುತ್ತಿದ್ದವು. ಅದೇ ವರ್ಷ ವಿಲಿಯಂ ಬಾಸ್ ಹೈ ಸ್ಟ್ರೀಟ್‌ನಲ್ಲಿ ಬ್ರೂವರಿ ತೆರೆದ. ಅದಕ್ಕೆ ಮುಂಚೆ ಅವನು ಸರಕು ಸಾಗಿಸುತ್ತಿದ್ದವನು. ಬರ್ಟನ್ನಿನ ಅತಿ ದೊಡ್ಡ ಹೆಸರು ಗಾಡಿಯಿಂದ ಶುರುವಾಯಿತೆನ್ನುವುದು ಈ ಊರಿಗೆ ತಕ್ಕ ಮಾತೇ.

ನೆಪೋಲಿಯನ್ ಯುದ್ಧಗಳೂ ಆಮೇಲಿನ ರಷ್ಯಾದ ಸುಂಕವೂ ಬಾಲ್ಟಿಕ್ ವ್ಯಾಪಾರವನ್ನು ಮುಳುಗಿಸಿದವು. ಕಣ್ಣು ಇಂಡಿಯಾದತ್ತ ತಿರುಗಿತು. ಅಲ್ಲಿನ ಬ್ರಿಟಿಷರಿಗೆ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿ ತಿಳಿಬಣ್ಣದ ಕಹಿ ಏಲ್ ಕಳಿಸುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೊಬ್ಬರು 1822ರ ಸುಮಾರಿಗೆ ಅಂಥದ್ದೇ ಮಾಡಿರೆಂದು ಬರ್ಟನ್ನಿನ ಬ್ರೂವರಿ ಮಾಲೀಕ ಸ್ಯಾಮ್ಯುಯೆಲ್ ಆಲ್ಸಪ್‌ಗೆ ಸೂಚಿಸಿದರು. ಅವನ ಕೆಲಸಗಾರ ಮೊದಲ ಪ್ರಯೋಗವನ್ನು ಚಹಾದ ಕೆಟಲಿನಲ್ಲೇ ಮಾಡಿದ ಎಂಬ ಕಥೆಯಿದೆ. ನಿಜವೋ ಸುಳ್ಳೋ, ಆಮೇಲಿನದು ಮಾತ್ರ ನಿಜ: ಆ ಬಗೆಯ ಬಿಯರ್‌ಗೆ ಗಡಸು ನೀರೇ ಹೇಳಿಮಾಡಿಸಿದಂತಿದ್ದು, ಬರ್ಟನ್ ಲಂಡನ್ನನ್ನು ಹಿಂದಿಕ್ಕಿತು. ಬೆಂಗಳೂರಿನ ಪಬ್ಬುಗಳ ಮೆನುವಿನಲ್ಲಿರುವ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಈ ವಂಶದ್ದು.

ಮುಂದಿನದು ಸ್ಟೇಷನ್. 1839ರಲ್ಲಿ ರೈಲು ಬಂದ ಮೇಲೆ ಕಾಲುವೆಯ ಕೆಲಸ ಕಡಿಮೆಯಾಗುತ್ತ ಹೋಯಿತು, ಬ್ರೂವರಿಗಳು ಬೆಳೆದವು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ನೆಲಮಾಳಿಗೆಯ ಕಂಬಗಳ ಅಂತರವನ್ನು ಬರ್ಟನ್ ಪೀಪಾಯಿಗಳ ಅಳತೆಗೆ ಹೊಂದಿಸಿದ್ದರು. ಬಾಸ್‌ನ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನ ಮೊದಲ ನೋಂದಾಯಿತ ಟ್ರೇಡ್‌ಮಾರ್ಕ್ ಆಯಿತು.

ಸ್ಟೇಷನ್ ದಾಟಿದರೆ ಶೋಬ್ನಲ್. ಇಲ್ಲಿನ ಮಾರ್ಸ್ಟನ್ಸ್ ಬ್ರೂವರಿಯಲ್ಲಿ ಬರ್ಟನ್ ಯೂನಿಯನ್ ಪದ್ಧತಿ ಕೊನೆಯವರೆಗೆ ಉಳಿದಿತ್ತು: ಓಕ್ ಪೀಪಾಯಿಗಳ ಸಾಲು, ಪ್ರತಿಯೊಂದರ ನೆತ್ತಿಯಿಂದ ಹಂಸದ ಕತ್ತಿನಂತೆ ಬಾಗಿದ ಕೊಳವೆ, ಮೇಲೊಂದು ತೊಟ್ಟಿ. ಹುದುಗುವಾಗ ಉಕ್ಕುವ ನೊರೆ ಕೊಳವೆಯಿಂದ ತೊಟ್ಟಿಗೆ ಬೀಳುತ್ತದೆ. ಈಸ್ಟ್ ಅಲ್ಲೇ ನಿಲ್ಲುತ್ತದೆ, ಬಿಯರ್ ಮರಳಿ ಪೀಪಾಯಿಗೆ ಇಳಿಯುತ್ತದೆ. 2024ರಲ್ಲಿ ಇದನ್ನು ನಿಲ್ಲಿಸಿದಾಗ ಡರ್ಬಿಷೈರ್‌ನ ಥಾರ್ನ್‌ಬ್ರಿಜ್ ಬ್ರೂವರಿ ಒಂದು ಸೆಟ್ ಒಯ್ದು ಉಳಿಸಿಕೊಂಡಿತು. ಬ್ರೂವರಿಗಳಲ್ಲಿ ಮಿಕ್ಕುವ ಈಸ್ಟ್‌ನಿಂದ ಬ್ರೆಡ್ಡಿಗೆ ಹಚ್ಚುವ ಕಪ್ಪು ಮಾರ್ಮೈಟ್ 1902ರಿಂದ ಈ ಊರಿನಲ್ಲೇ ತಯಾರಾಗುತ್ತಿದೆ.

ದಾರಿ ಮುಗಿಯುವುದು ಕಾಲುವೆಯ ದೋಣಿ ತಂಗುದಾಣವಾದ ಶೋಬ್ನಲ್ ಬೇಸಿನ್‌ನಲ್ಲಿ. ಈಗ ಇಲ್ಲಿ ಕಟ್ಟಿರುವುದೆಲ್ಲ ರಜೆಗೆಂದು ಬರುವವರ ಕಿರಿದಾದ ಬಣ್ಣದ ದೋಣಿಗಳು. ಪೀಪಾಯಿ ಹೇರಿದ್ದು ಒಂದೂ ಇಲ್ಲ.