ಮೊದಲು ಪ್ರಶ್ನೆ ಓದಿ

ಪ್ರೌಢಶಾಲೆಯಲ್ಲಿ 28 ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನಾನು ಪ್ರತಿ ಪರೀಕ್ಷೆಗೂ ಮುನ್ನ ಮಕ್ಕಳಿಗೆ ತಪ್ಪದೆ ಹೇಳುವ ಮಾತೊಂದಿದೆ: "ಮೊದಲು ಪ್ರಶ್ನೆ ಓದಿ, ಆಮೇಲೆ ಉತ್ತರ ಬರೆಯಿರಿ."

ಕಳೆದ ತಿಂಗಳು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ 80 ಅಂಕಗಳ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಪಾಲು ಟೈಪು ಮಾಡಿಟ್ಟಿದ್ದೆ. ಮರುದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕು. ರಾತ್ರಿ ಊಟ ಮುಗಿಸಿ ಕುಳಿತರೆ ಒಂದಕ್ಷರವೂ ಮೂಡುತ್ತಿಲ್ಲ! ಬರೆದದ್ದು ಕಾಣುತ್ತದೆ, ತಪ್ಪು ತಿದ್ದಹೋದರೆ ಹಳೆಯದು ಅಳಿಯದು, ಹೊಸದು ಸೇರದು.

ಹಿಂದಿನ ಸಂಜೆ ಮಗಳು ಅದರಲ್ಲಿ ಕಾಲೇಜಿನ ಕೆಲಸ ಮಾಡಿಕೊಂಡಿದ್ದಳು. "ಏನೇ ಒತ್ತಿಬಿಟ್ಟೆ?" ಎಂದು ರೇಗಿದೆ. "ನಾನೇನೂ ಮಾಡಿಲ್ಲ ಅಪ್ಪಾ" ಎಂದು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ನೋಡುವುದು ಪ್ರಯೋಗಾಲಯದ ನಿಯಮ. ಕೀಲಿಮಣೆ ಕೆಟ್ಟಿದೆಯೇ? ನೋಟ್‌ಪ್ಯಾಡಿನಲ್ಲಿ ಒತ್ತಿದರೆ ಅಕ್ಷರಗಳು ಸಲೀಸಾಗಿ ಬಂದವು. ಕಡತಕ್ಕೆ 'ಓದಲು ಮಾತ್ರ' ಎಂಬ ಬೀಗ ಬಿದ್ದಿದೆಯೇ? ಅದೂ ಇಲ್ಲ. ಕಡತವೇ ಹಾಳಾಗಿದೆಯೇ? ಹಳೆಯ ಇನ್ನೊಂದನ್ನು ತೆರೆದೆ. ಅದಕ್ಕೂ ಅದೇ ಹಟ. ಅಂದಮೇಲೆ ದೋಷವಿರುವುದು ತಂತ್ರಾಂಶದಲ್ಲೇ. ಇಷ್ಟು ಸಿದ್ಧಪಡಿಸುವ ಹೊತ್ತಿಗೆ ಗಂಟೆ ಹನ್ನೊಂದಾಗಿತ್ತು.

ನೀರು ಕುಡಿಯಲು ಎದ್ದು ಬಂದ ಮಗಳು ಪರದೆಯತ್ತ ಬಗ್ಗಿ, "ಅಪ್ಪಾ, ಮೇಲೆ ಕೆಂಪು ಪಟ್ಟಿಯಲ್ಲಿ ಏನೋ ಬರೆದಿದೆಯಲ್ಲ, ಓದಿದ್ರಾ?" ಎಂದಳು.

ಪುಕ್ಕಟೆ ಬಳಕೆಯ ಅವಧಿ ಮುಗಿಯಿತೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಪಟ್ಟಿಯನ್ನು ಜಾಹೀರಾತೆಂದು ತಿಳಿದು ದಿನಗಟ್ಟಲೆ ಕಡೆಗಣಿಸಿದ್ದೆ. ಗಡುವು ಮುಗಿದರೂ ಅದು ನಮ್ಮ ಬರಹವನ್ನು ನುಂಗುವುದಿಲ್ಲ, ಓದಬಹುದು, ಮುದ್ರಿಸಬಹುದು. ತಿದ್ದುವ ಬಾಗಿಲು ಮಾತ್ರ ಮುಚ್ಚಿರುತ್ತದೆ.

2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸ್ ಉಚಿತ. ಮಗಳೇ ಅದನ್ನು ಇಳಿಸಿ, ಕಡತ ತೆರೆದುಕೊಟ್ಟಳು. ಒಂದೂವರೆಗೆ ಪತ್ರಿಕೆ ಮುಗಿಯಿತು.

ಬೆಳಿಗ್ಗೆ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಇನ್ನೊಂದು ವಿಪತ್ತು: ಕನ್ನಡವೆಲ್ಲ ಇಂಗ್ಲಿಷಿನ ಚಿಲ್ಲರೆ ಅಕ್ಷರಗಳಾಗಿತ್ತು! ಈ ಸಲ ಯಾರ ಮೇಲೂ ರೇಗಲಿಲ್ಲ. ಮೇಲಿನ ಪಟ್ಟಿಯಲ್ಲಿದ್ದ ಫಾಂಟಿನ ಹೆಸರು ಓದಿದೆ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. 1991ರಲ್ಲಿ ಬಂದ ಯೂನಿಕೋಡಿನಲ್ಲಾದರೆ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಫಾಂಟನ್ನು ಹಾಕಿದ ಮೇಲೆ ಕನ್ನಡ ಮರಳಿತು.

ಸಂಜೆ ಮನೆಗೆ ಬಂದು, "ತಪ್ಪು ನಂದೇ ಕಣಮ್ಮ, ಸುಮ್ಮನೆ ನಿನ್ನ ಬೈದೆ" ಎಂದೆ. ಅವಳು ನಕ್ಕು ಕೇಳಿದಳು: "ಪ್ರಶ್ನೆ ಓದದೆ ಉತ್ತರ ಬರೆದವರಿಗೆ ಎಷ್ಟು ಅಂಕ ಕಳೀತೀರಿ, ಅಪ್ಪಾ?"