ನಿಂತುಹೋದ ಬಟವಾಡೆ

ಬೆಂಗಳೂರಿನ ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಗಾರೆ ಮೇಸ್ತ್ರಿಯಾಗಿ ಬಹಳ ವರ್ಷ ದುಡಿದವನು ನಾನು. ಜೊತೆಗಿದ್ದವರೆಲ್ಲ ಯಾದಗಿರಿ, ಸುರಪುರ, ಶಹಾಪುರದವರು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಬರುತ್ತಿತ್ತು. ಬಂದವರಿಗೆಲ್ಲ ಕೆಲಸವಿತ್ತು, ಒಂದು ಸೈಟು ಮುಗಿಯುವ ಮೊದಲೇ ಇನ್ನೊಬ್ಬ ಬಿಲ್ಡರ್ ಫೋನ್ ಮಾಡುತ್ತಿದ್ದ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದವು. ನಮ್ಮ ಕೆಲಸ ನಡೆಯುತ್ತಿದ್ದುದೇ ನಗದಿನ ಮೇಲೆ. ಶನಿವಾರ ಬಟವಾಡೆ, ಭಾನುವಾರ ಸಂತೆ. ಆ ಶನಿವಾರ ಗುತ್ತಿಗೆದಾರ ಹಳೇ ನೋಟನ್ನೇ ಎಣಿಸಿ ಕೊಟ್ಟ. ಮಾರನೆಯ ದಿನ ತಗಡಿನ ಶೆಡ್ಡಿನ ಮುಂದೆ ಹೆಣ್ಣಾಳೊಬ್ಬಳು ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ತೋರಿಸಿದಳು. ‘ಅಂಗಡ್ಯಾಂವ ಇದು ತಗೋವಲ್ಲರಿ, ಹುಡುಗ್ರಿಗೆ ಉಣ್ಲಾಕ ಏನ್ ಹಾಕ್ಲಿ?’ ಅವಳಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಶೆಡ್ಡುಗಳು ಅರ್ಧ ಖಾಲಿಯಾದವು.

ಮರುವರ್ಷ ಮೇ 1ಕ್ಕೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾನೂನು ರೇರಾ ಪೂರ್ತಿ ಜಾರಿಗೆ ಬಂತು, ಜುಲೈ 1ಕ್ಕೆ ಜಿಎಸ್‌ಟಿ. ರೇರಾ ಒಳ್ಳೆಯ ಕಾನೂನು, ಇದನ್ನು ಮನಸಾರೆ ಹೇಳುತ್ತೇನೆ. ಮನೆ ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ. 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಖರ್ಚು ಮಾಡಬೇಕು. ಒಂದರ ಹಣ ತೆಗೆದು ಇನ್ನೊಂದನ್ನು ಎಬ್ಬಿಸುತ್ತಿದ್ದವರಿಗೆ ಕೈ ಕಟ್ಟಿದಂತಾಯಿತು. ನಾನು ಗಾರೆ ಕೆಲಸದ ಗುತ್ತಿಗೆ ಹಿಡಿದಿದ್ದ ಸೈಟು ನಿಂತಿತು. ನನ್ನ ಬಿಲ್ಲುಗಳು ಬಾಕಿ ಉಳಿದವು, ಪ್ರತಿ ಬಿಲ್ಲಿನಲ್ಲೂ ಹಿಡಿದಿಟ್ಟುಕೊಂಡಿದ್ದ ರಿಟೆನ್ಷನ್ ಹಣವೂ ಉಳಿಯಿತು. ಕೇಳಲು ಹೋದರೆ ಮೊದಮೊದಲು ಕೂರಿಸಿ ಕಾಫಿ ಕೊಡುತ್ತಿದ್ದರು. ಆಮೇಲೆ ಸೆಕ್ಯುರಿಟಿಯವನೇ ತಡೆದ. ಆಳುಗಳ ಕೂಲಿ ಕೊಡಲೇಬೇಕಿತ್ತು. ಹೆಂಡತಿಯ ಬಂಗಾರ ಅಡವಿಟ್ಟೆ, ಬಿಡಿಸಿಕೊಳ್ಳಲಾಗಲಿಲ್ಲ, ಹರಾಜಿಗೆ ಹೋಯಿತು.

ಕಟ್ಟಡಗಳು ಮತ್ತೆ ಎದ್ದವು, ನಮ್ಮನ್ನು ಕರೆಯಲಿಲ್ಲ. ಈಗ ದೊಡ್ಡ ಸೈಟುಗಳಲ್ಲಿ ಮೈವಾನ್ ಬಂದಿದೆ. ಅಲ್ಯುಮಿನಿಯಂ ಅಚ್ಚು ಜೋಡಿಸಿ ಗೋಡೆ, ಸ್ಲ್ಯಾಬ್ ಎರಡಕ್ಕೂ ಒಟ್ಟಿಗೇ ಕಾಂಕ್ರೀಟ್ ಸುರಿಯುತ್ತಾರೆ. ಅಚ್ಚು ಬಿಚ್ಚಿದರೆ ನುಣುಪಾದ ಗೋಡೆ. ಪುಟ್ಟಿ ಬಳಿದು ಬಣ್ಣ ಹೊಡೆದರಾಯಿತು. ಆ ಗೋಡೆಗಳಿಗೆ ಇಟ್ಟಿಗೆಯೂ ಬೇಡ, ಗಾರೆಯೂ ಬೇಡ. ನೂಲು ಹಿಡಿದು, ತೂಗುಗುಂಡು ಬಿಟ್ಟು, ಮಟ್ಟಗೋಲು ಎಳೆದು ಗೋಡೆಯನ್ನು ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ನಿಲ್ಲಿಸುತ್ತಿದ್ದ ನಮ್ಮ ಗೌಂಡಿಗಳಲ್ಲಿ ಕೆಲವರು ಈಗ ಹೆಲ್ಪರ್ ಕೂಲಿಗೆ ಹೋಗುತ್ತಾರೆ. ಅಂಥ ಕೈಗಳಿಗೆ ಇದು ಅನ್ಯಾಯ.

ನನ್ನ ಬಾಕಿ ಇಂದಿಗೂ ಬಂದಿಲ್ಲ. ಫ್ಲಾಟ್ ಕೊಳ್ಳುವವರೇ, ಕೀಲಿ ತೆಗೆದುಕೊಳ್ಳುವ ಮುನ್ನ ಕಾಗದಪತ್ರ ಪರಿಶೀಲಿಸುತ್ತೀರಿ. ಕೆಲಸದವರ ಲೆಕ್ಕ ಚುಕ್ತಾ ಆಗಿದೆಯೇ ಎಂದೂ ಬಿಲ್ಡರನ್ನು ಒಂದು ಮಾತು ಕೇಳಿ. ನೀವು ಕೇಳಿದರೆ ಅವರು ಉತ್ತರ ಕೊಡುತ್ತಾರೆ.